ನನ್ನ ನೂರು ಡಿಗ್ರಿ

ರಾಬರ್ಟ್‌ಸನ್‌ಪೇಟೆಯಲ್ಲಿ ಯಂತ್ರ ಕಟ್ಟುವ ನಮ್ಮ ಶೆಡ್ಡಿನಲ್ಲಿ ಒಬ್ಬ ಹಿರಿಯ ಫಿಟ್ಟರ್ ಇದ್ದರು. ಯಾವ ಲೆಕ್ಕ ತೋರಿಸಿದರೂ ಸುಟ್ಟ ಕಲೆಗಳ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಒಂದೇ ಮಾತು ಕೇಳುತ್ತಿದ್ದರು: "ಎಲ್ಲಿ ಮುಟ್ಟಿ ನೋಡಿದ್ರಿ ಸಾರ್?"

ನಾನು ಮುಟ್ಟುವವನಲ್ಲ. ಬಿಸಿಗೆ ಹಿಗ್ಗಿದ ಪೈಪು ಎಲ್ಲೆಲ್ಲಿ ಎಷ್ಟು ಒತ್ತುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವವನು. ಒಂದು ಸಲ ಎಣ್ಣೆ ತಣಿಸುವ ಯಂತ್ರದ ಹೆಡರ್, ಅಂದರೆ ಕೊಳವೆಗಳೆಲ್ಲ ಬಂದು ಸೇರುವ ಉಕ್ಕಿನ ಪೆಟ್ಟಿಗೆ, ನನ್ನ ತಲೆ ತಿಂದಿತ್ತು. ಮೇಲಿನ ಅರ್ಧಕ್ಕೆ ನೂರನಲವತ್ತು ಡಿಗ್ರಿಯ ಎಣ್ಣೆ ಬರುತ್ತದೆ, ಕೆಳಗಿನ ಅರ್ಧದಿಂದ ಅರವತ್ತಾಗಿ ಹೊರಹೋಗುತ್ತದೆ. ಇಡೀ ಪೆಟ್ಟಿಗೆಗೆ ಕಂಪ್ಯೂಟರ್ ಕೇಳಿದ್ದು ಒಂದೇ ಅಂಕಿ. ನಡುವಿನ ನೂರು ಕೊಟ್ಟೆ.

ಬಂಗಾರಪೇಟೆ ಕಡೆಯ ಕಾರ್ಖಾನೆಯಲ್ಲಿ ಯಂತ್ರ ಓಡಿಸಿದ ದಿನ ಮೇಲಿನ ಪೈಪು ನನ್ನ ಲೆಕ್ಕಕ್ಕಿಂತ ಹೆಚ್ಚು ಹಿಗ್ಗಿ, ಅದರ ಜೋಡಣೆಯಲ್ಲಿ ಎಣ್ಣೆ ಜಿನುಗಿತು. ಜೊತೆಗೆ ಬಂದಿದ್ದ ಫಿಟ್ಟರ್ ಬೈಯಲಿಲ್ಲ. ಒದ್ದೆ ಬಟ್ಟೆಯಿಂದ ಹೆಡರನ್ನು ಮೇಲಿಂದ ಕೆಳಗೆ ಒರೆಸಿದರು. ಮೇಲೆ ನೀರು ಚುರ್ರೆಂದು ಆರಿತು, ಕೆಳಗೆ ಹಾಗೇ ಇಳಿಯಿತು.

"ನಿಮ್ ನೂರು ಎಲ್ಲೈತೆ ಸಾರ್?"

"ಹಾಗಾದ್ರೆ ಯಾವುದು ಹಾಕ್ಲಿ?"

"ನಂಗೇನ್ ಗೊತ್ತು? ನಾನ್ ಮುಟ್ಟೋನು, ನೀವ್ ಬರಿಯೋರು."

ಈಗಲೂ ಕಂಪ್ಯೂಟರಿನಲ್ಲಿ ಡಿಗ್ರಿ ಕೇಳುವ ಆ ಖಾನೆ ಬಂದಾಗ ಬೆರಳು ನಿಂತುಬಿಡುತ್ತದೆ. ಮೇಲಿನ ಅಂಕಿ ಒಮ್ಮೆ, ಕೆಳಗಿನದು ಒಮ್ಮೆ ಹಾಕಿ ಎರಡು ಸಲ ಲೆಕ್ಕ ಮಾಡುತ್ತೇನೆ. ಪರದೆಯ ಮೇಲೆ ಎರಡೂ ಸರಿ ಎನಿಸುತ್ತವೆ. ಆಗ ನನ್ನ ಅಂಗೈ ನೋಡಿಕೊಳ್ಳುತ್ತೇನೆ. ಒಂದು ಸುಟ್ಟ ಕಲೆಯೂ ಇಲ್ಲ.