ತಲೆ ಲೆಕ್ಕ ಸರಿಯಾಗೇ ಇತ್ತು

ಗೈಡ್ ಕೆಲಸದಲ್ಲಿ ಜಲಪಾತದ ಎತ್ತರ ಮರೆತರೂ ನಡೆಯುತ್ತದೆ, ತಲೆ ಲೆಕ್ಕ ಮಾತ್ರ ತಪ್ಪಬಾರದು. ಅವತ್ತು ಮದ್ದೂರಿನಲ್ಲಿ ಎಲ್ಲರಿಗೂ ವಡೆ ತಿನ್ನಿಸಿ, ವ್ಯಾನಿನಲ್ಲಿ ಹದಿನೆಂಟು ತಲೆ ಎಣಿಸಿಕೊಂಡೇ ಶಿವನಸಮುದ್ರಕ್ಕೆ ಹೊರಟೆ. ಮಳವಳ್ಳಿ ದಾಟಿದ ಮೇಲೆ ಮೈಕ್ ಹಿಡಿದು ಕಾವೇರಿಯನ್ನು ಹೊಗಳುತ್ತಿದ್ದೆ. ಹಿಂದಿನ ಸೀಟಿನಿಂದ ಒಬ್ಬ ಅಜ್ಜಿಯ ದನಿ ಕೇಳಿತು: “ಲೋ ಮಗಾ, ಅರಚಿದ್ದು ಸಾಕು ಬುಡು. ಬೀಗ್ರೂಟ ಎಲ್ಲಿ ಮಡಗವ್ರೆ?”

“ಅಜ್ಜಿ, ಇದು ಪ್ರವಾಸದ ವ್ಯಾನು!”

“ವಡೆ ಅಂಗಡಿ ತಾವ ವ್ಯಾನ್ ನಿಂತಿರ್ತದೆ, ಅತ್ಕೋ ಅಂದಿದ್ರು. ಅತ್ಕೊಂಡೆ. ಒಬ್ರೂ ಗುರ್ತಿಲ್ಲ, ಗಂಡಿನ ಕಡೆಯೋರು ಅನ್ಕೊಂಡೆ ಕಣಪ್ಪ.”

ಅಜ್ಜಿ ಸೇರಿ ಹದಿನೆಂಟಾದರೆ ನನ್ನವರೊಬ್ಬರು ಎಲ್ಲಿ? ನೋಡಿದರೆ ದೆಹಲಿಯಿಂದ ಬಂದಿದ್ದ ಮೇಷ್ಟ್ರೇ ಇಲ್ಲ. ಅವರಿಗೆ ಫೋನ್ ಮಾಡಿದೆ. ಎತ್ತಿದವರು ಯಾರೋ ಗೌಡರು.

“ಇಲ್ಲೇ ಮದ್ದೂರ್ ತಾವ ಕೊಪ್ಪದಲ್ಲವ್ರೆ ಕಣಣ್ಣ, ಬೀಗ್ರೂಟದಲ್ಲಿ. ಎಲ್ಡನೇ ಮುದ್ದೆ ಮುರೀತಾವ್ರೆ. ನಮ್ ವ್ಯಾನ್ ಅತ್ಕೊಂಡ್ ಬಂದ್ರು, ಬಾಸೆ ಬರಕಿಲ್ಲ, ಗಂಡಿನ ಆಫೀಸ್ನೋರು ಅನ್ಕೊಂಡೋ. ಉಣ್ಣೋರ್ನ ಎಬ್ಬುಸ್ಬಾರ್ದು, ಸಂಜೆಗೆ ಕಳುಸ್ತೀವಿ ಬುಡಿ.”

ಅಜ್ಜಿಯನ್ನು ಜಲಪಾತದ ಮುಂದೆ ನಿಲ್ಲಿಸಿದೆ. ತುಂಬ ಹೊತ್ತು ನೋಡಿ ಅಂದರು: “ಬೋ ಚೆಂದಾಗದೆ. ಉಣ್ಣಕಾದದಾ?”

ಅಂದಿನಿಂದ ನಾನು ತಲೆ ಎಣಿಸುವುದನ್ನೇ ಬಿಟ್ಟಿದ್ದೇನೆ. ವ್ಯಾನಿನ ಬಾಗಿಲಲ್ಲಿ ನಿಂತು, ಹತ್ತುವವರನ್ನೆಲ್ಲ “ಗಂಡಿನ ಕಡೆಯವರೋ, ಹೆಣ್ಣಿನ ಕಡೆಯವರೋ?” ಎಂದು ಕೇಳುತ್ತೇನೆ. ಕಣ್ಣು ಕಣ್ಣು ಬಿಡುವವರೆಲ್ಲ ನನ್ನವರು.