ತಂಗಿ ಇಳಿಯದ ಬಾವಿ

ನನ್ನ ತಂಗಿಗೆ ಸಮುದ್ರ ಸಿಕ್ಕಿತು, ನನಗೆ ಮಧುಗಿರಿಯ ಕಾಲೇಜು. ಇಬ್ಬರೂ ಓದಿದ್ದು ಪ್ರಾಣಿಶಾಸ್ತ್ರವೇ, ಓದಿನಲ್ಲಿ ಅವಳಿಗಿಂತ ನಾನೇ ಒಂದು ಕೈ ಮೇಲು. ಆದರೂ ಹಡಗು ಹತ್ತಿದ್ದು ಅವಳು. ನಾನು ಪಿಯುಸಿ ಮಕ್ಕಳಿಗೆ ಕಪ್ಪೆಯ ಹೃದಯ ಬರೆದು ತೋರಿಸುತ್ತೇನೆ. ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರು ಹುಡುಕುವುದಿಲ್ಲ.

ಅವಳ ಕೆಲಸ ಇಷ್ಟು. ಹಲವು ದೇಶಗಳ ವಿಜ್ಞಾನಿಗಳು ಸಮುದ್ರದ ಬಿಸಿ, ಉಪ್ಪು, ಗಾಳಿ, ಕಣ್ಣಿಗೆ ಕಾಣದ ಜೀವಿಗಳು ಎಲ್ಲವನ್ನೂ ಅಳೆದು ಒಬ್ಬರಿಗೊಬ್ಬರು ಹಂಚಿಕೊಳ್ಳುತ್ತಾರೆ. ಒಬ್ಬರ ಹಡಗು ಹೋಗದ ಕಡೆ ಇನ್ನೊಬ್ಬರದು ಹೋಗುತ್ತದೆ. ಎಲ್ಲ ಕೂಡಿಸಿ ಲೆಕ್ಕ ಹಾಕಿ, ಮುಂದೆ ಯಾವ ಮೀನು ಎಲ್ಲಿ ಹೆಚ್ಚುತ್ತದೆ, ಎಲ್ಲಿಂದ ಗುಳೆ ಹೋಗುತ್ತದೆ ಎಂದು ಮೊದಲೇ ಹೇಳುತ್ತಾರೆ. ಹುಲಿಕುಂಟೆ ಕಡೆಯ ನಮ್ಮೂರಿನಲ್ಲಿ ಇದಕ್ಕೆ ಮೀನಿನ ಜಾತಕ ಬರೆಯುವುದು ಎನ್ನುತ್ತಾರೆ. ಶಿರಾ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡವರು, "ಮೀನಿನ ಮೇಡಂ ಅಕ್ಕ ಅಲ್ವೇನಮ್ಮ ನೀವು?" ಎನ್ನುತ್ತಾರೆ. ಹೌದೆಂದು ಹಲ್ಲು ಕಿರಿಯುತ್ತೇನೆ.

ಕಳೆದ ಬೇಸಿಗೆಯಲ್ಲಿ ಅಮ್ಮನನ್ನು ನೋಡಲು ಊರಿಗೆ ಹೋಗಿದ್ದೆ. ತಂಗಿ ವಿದೇಶದ ಸಭೆಯೊಂದರಲ್ಲಿ ಮಾತಾಡಿದ ವಿಡಿಯೊ ಕಳಿಸಿದ್ದಳು. ಅಮ್ಮನಿಗೆ ಇಂಗ್ಲಿಷ್ ಬಾರದು, ನಾನೇ ಕನ್ನಡದಲ್ಲಿ ಹೇಳಬೇಕು. ಇಬ್ಬರೂ ಬಿತ್ತನೆಗೆ ಕಡಲೆಕಾಯಿ ಸುಲಿಯುತ್ತ ನೋಡಿದೆವು.

ಮಳೆಗಾಲದ ಗಾಳಿಗೆ ಸಮುದ್ರದ ಆಳದ ತಣ್ಣೀರು ಮೇಲೇಳುತ್ತದೆ, ಅದರ ಸಾರಕ್ಕೆ ಸಣ್ಣ ಜೀವಿಗಳು ಹೆಚ್ಚುತ್ತವೆ, ಅವನ್ನು ತಿನ್ನಲು ಬೂತಾಯಿ ಮೀನು ಬರುತ್ತದೆ, ಗಾಳಿ ಬದಲಾದರೆ ಎಲ್ಲವೂ ಬದಲು ಎಂದು ತಂಗಿ ವಿವರಿಸಿದಳು. ಆಮೇಲೆ ನಕ್ಕು, "ತಣ್ಣೀರು ಏಳುವುದನ್ನು ನಾನು ಕಲಿತದ್ದು ಸಮುದ್ರದಲ್ಲಲ್ಲ, ನಮ್ಮ ತೋಟದ ಬಾವಿಯಲ್ಲಿ" ಎಂದಳು.

ನನ್ನ ಕೈ ನಿಂತಿತು.

ಬಾವಿಯ ಹೂಳು ತೆಗೆದ ಮೇಲೆ ಗಂಗಮ್ಮನಿಗೆ ಪೂಜೆ ಮಾಡಿ, ಮನೆಯ ಹೆಣ್ಣುಮಗಳನ್ನು ಮಂಕರಿಯಲ್ಲಿ ಕೂರಿಸಿ ಹಗ್ಗದಲ್ಲಿ ಇಳಿಸುವುದು ನಮ್ಮ ಮನೆಯ ಪದ್ಧತಿ. ಅವಳು ತಳದಲ್ಲಿ ಬರಿಗಾಲಲ್ಲಿ ನಿಂತು, ನೀರು ಎಲ್ಲಿ ಜಿನುಗುತ್ತಿದೆಯೆಂದು ಕೂಗಿ ಹೇಳಬೇಕು. ನಾವು ಚಿಕ್ಕವರಿದ್ದಾಗ ಒಮ್ಮೆ ಹೂಳು ತೆಗೆಸಿದ ವರ್ಷ ಇಳಿದವಳು ನಾನು. ಮೇಲೆ ಸುಡುಬಿಸಿಲು, ಕೆಳಗೆ ಕೆಸರಿನಲ್ಲಿ ನನ್ನ ಹೆಬ್ಬೆರಳ ಸಂದಿಯಿಂದ ತಣ್ಣಗೆ ನೀರು ಏಳುತ್ತಿತ್ತು. ತಂಗಿ ಮೇಲೆ ಅಮ್ಮನ ಸೆರಗು ಹಿಡಿದು ಅಳುತ್ತಿದ್ದಳು. ಆಮೇಲೆ ಮಾತ್ರ ಆ ಕಥೆ ಹೇಳು ಹೇಳು ಎಂದು ಪ್ರಾಣ ತಿನ್ನುತ್ತಿದ್ದಳು. ನಾನೂ ಹೇಳುತ್ತಿದ್ದೆ.

ಈಗ ಆ ಹೆಬ್ಬೆರಳೂ ಅವಳದಾಗಿತ್ತು. ಅಷ್ಟು ದೇಶದವರು ಚಪ್ಪಾಳೆ ತಟ್ಟಿದರು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ!

"ಏನಂದ್ಲಮ್ಮ?" ಎಂದಳು ಅಮ್ಮ.

"ನಮ್ಮ ಬಾವಿಗೆ ಅವಳು ಇಳಿದಿದ್ಲಂತೆ" ಎಂದೆ. ಅಮ್ಮ ಸುಳ್ಳೆನ್ನುತ್ತಾಳೆ ಎಂದು ಕಾದೆ.

"ಊಂ ಕಣಮ್ಮ, ಆ ಮಂಕ್ರೀಲಿ ಎಂಗೆ ಕುಂತಿತ್ತು ಕೂಸು! ನಂಗೇ ಎದೆ ನಡುಗ್ತಿತ್ತು. ಅವಳ ಧೈರ್ಯ ಯಾರಿಗ್ ಬತ್ತದೆ ಬುಡು."

ಅಮ್ಮನ ಮೇಲೆ ರೇಗಲಾಗಲಿಲ್ಲ. ಹಿತ್ತಲಿಗೆ ಹೋಗಿ ತಂಗಿಗೆ ಫೋನ್ ಮಾಡಿದೆ.

"ಬಾವಿಗೆ ಇಳಿದಿದ್ದು ನಾನು ಕಣೇ."

"ನೀನಾ? ಕಾಲು ತಣ್ಣಗಾಗಿದ್ದು ನಂಗೆ ಈಗ್ಲೂ ಗೆಪ್ತಿ ಐತಲ್ಲಕ್ಕ" ಎಂದಳು.

ಸುಳ್ಳಾಡುವವಳ ದನಿಯಲ್ಲ ಅದು. ಅದಕ್ಕೇ ನನಗೆ ಇನ್ನಷ್ಟು ಉರಿಯಿತು. ಕದ್ದಿದ್ದರೆ ಬೈದು ವಾಪಸ್ ಕೇಳಬಹುದಿತ್ತು. ಸಾಕ್ಷಿ ಹೇಳಲು ಅಪ್ಪ ಈಗ ಬದುಕಿಲ್ಲ. ಬೋರ್‌ವೆಲ್ ಹಾಕಿಸಿದ ಮೇಲೆ ಬಾವಿಯನ್ನೂ ಮುಚ್ಚಿಸಿಬಿಟ್ಟೆವು.

ಕಾಲೇಜು ಶುರುವಾದ ಮೇಲೆ ಒಂದು ದಿನ ಪರಿಸರದ ಪಾಠವಿತ್ತು. ಪುಸ್ತಕ ಮುಚ್ಚಿಟ್ಟು, ತಂಗಿ ಆಗಾಗ ಫೋನಿನಲ್ಲಿ ಹೇಳಿದ್ದನ್ನೆಲ್ಲ ಹೇಳಿದೆ. ನಸುಕಿನಲ್ಲಿ ಹಡಗಿನಿಂದ ನವಿರಾದ ಬಲೆ ಇಳಿಸುವುದು, ಅದು ಮೇಲೆ ಬಂದಾಗ ತುದಿಯ ಬಾಟಲಿಯಲ್ಲಿ ರಾಗಿ ಗಂಜಿಯಂತೆ ಕದಡುವ ಜೀವಿಗಳು, ಪಕ್ಕದಲ್ಲಿ ನಿಂತ ಬೇರೆ ದೇಶದ ಹುಡುಗಿ ಒದ್ದೆ ಕೈಯನ್ನು ಸ್ವೆಟರಿಗೆ ಒರೆಸಿಕೊಳ್ಳುವುದು. ಕ್ಲಾಸು ಉಸಿರು ಬಿಗಿಹಿಡಿದು ಕೇಳಿತು. ಅಷ್ಟು ವರ್ಷ ಕಪ್ಪೆಯ ಹೃದಯ ಬರೆದು ತೋರಿಸಿದರೂ ಯಾವ ಕ್ಲಾಸೂ ಹಾಗೆ ಕೇಳಿರಲಿಲ್ಲ.

ಮುಂದಿನ ಬೆಂಚಿನ ಹುಡುಗಿ ಕೈಯೆತ್ತಿದಳು. "ಮಿಸ್, ನೀವು ಹಡಗಲ್ಲಿ ಹೋಗಿದ್ರಾ?"

"ಹೂಂ" ಎಂದೆ. "ಮೊದಮೊದಲು ತಲೆ ತಿರುಗುತ್ತೆ. ಆಮೇಲೆ ಅಭ್ಯಾಸ ಆಗುತ್ತೆ."