ಕೊನೆಯ ಅಕ್ಷರದವರೆಗೆ ಓದಿದ ಯಮುನಾ ಅವರು

ಮೊಬೈಲಿನಲ್ಲಿ ಕನ್ನಡವು ಬರಿಯ ಚೌಕಗಳಾಗಿಯೂ ಪ್ರಶ್ನೆಚಿಹ್ನೆಗಳಾಗಿಯೂ ಕಾಣುತ್ತಿದ್ದ ದಿನಗಳಿಂದ, ಕನ್ನಡ, ತಮಿಳು, ಉರ್ದು, ಒಡಿಯಾಗಳು ಒಂದೇ ಸಂದೇಶದಲ್ಲಿ ಕೂಡಿ ಬರುವ ಈ ದಿನದವರೆಗೆ, ನಮ್ಮ ಲಿಪಿಗಳಿಗೆ ಗಣಕದಲ್ಲಿ ಜಾಗ ಮಾಡಿಕೊಡಲು ದುಡಿದ ಎಂಜಿನಿಯರುಗಳ ನಡುವೆ ಶ್ರೀಮತಿ ಯಮುನಾ ಅವರದು ಗೌರವದ ಸ್ಥಾನ. ದೊಡ್ಡತೋಗೂರಿನ ರೈತ ಮನೆತನದಲ್ಲಿ ಹುಟ್ಟಿದ ಅವರು, ಊರಿನ ಪಕ್ಕದಲ್ಲೇ ಎದ್ದ ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಸಂಸ್ಥೆಗೆ ಕಿರಿಯ ಎಂಜಿನಿಯರ್ ಆಗಿ ಸೇರಿ, ಸಂದೇಶ ತಂತ್ರಾಂಶ ವಿಭಾಗದ ಮುಖ್ಯಸ್ಥೆಯಾಗಿ ಈಗ ನಿವೃತ್ತರಾಗುತ್ತಿದ್ದಾರೆ. ಹೊಸಬರಿಗೆ ಕೆಲಸ ಕಲಿಸುತ್ತ ತಮ್ಮ ಊಟದ ಡಬ್ಬಿಯನ್ನೂ ಅವರ ಮುಂದೆ ಸರಿಸುತ್ತಿದ್ದ ಈ ಹಿರಿಯರನ್ನು ನೆನೆದಾಗಲೆಲ್ಲ ಪೀಣ್ಯದ ಆ ಮಧ್ಯಾಹ್ನವೂ ನೆನಪಾಗುತ್ತದೆ.

ಕಾರ್ಖಾನೆಗಳಿಗೆಂದು ರೂಪಿಸಿದ ನಮ್ಮ ಸಂದೇಶ ಆ್ಯಪ್‌ನ ಹೊಸ ಆವೃತ್ತಿ ಅಂದು ಬೆಳಿಗ್ಗೆ ಹೊರಬಿದ್ದಿತ್ತು. ಯಮುನಾ ಅವರು ಪರೀಕ್ಷೆಗೆಂದು ತಮ್ಮ ಫೋನಿಗೆ ‘ಮಾಡುವುದು ಬೇಡ’ ಎಂದು ಮುಗಿಯುವ ಉದ್ದ ವಾಕ್ಯವೊಂದನ್ನು ಕಳುಹಿಸಿದರು. ಬಂದದ್ದು ‘ಮಾಡು’ ಎಂಬಲ್ಲಿಗೆ ನಿಂತಿತ್ತು. ಗಣಕದಲ್ಲಿ ಇಂಗ್ಲಿಷಿನ ಅಕ್ಷರಕ್ಕಿಂತ ಕನ್ನಡದ ಅಕ್ಷರಕ್ಕೆ ಮೂರು ಪಟ್ಟಾದರೂ ಜಾಗ ಬೇಕು. ಹೊಸ ಆವೃತ್ತಿಯು ಇಂಗ್ಲಿಷಿನ ಅಳತೆಯಲ್ಲೇ ಜಾಗ ಕೊಟ್ಟು, ಮಿಕ್ಕಿದ್ದನ್ನು ಸದ್ದಿಲ್ಲದೆ ಕತ್ತರಿಸುತ್ತಿತ್ತು. ಕನ್ನಡದಲ್ಲಿ ‘ಬೇಡ’ ಬರುವುದೇ ಕೊನೆಗೆ.

“ಬಿಂದು, ಬೆಳಿಗ್ಗೆಯಿಂದ ಯಾರಾದ್ರೂ ಕನ್ನಡದಲ್ಲಿ ಎಚ್ಚರಿಕೆ ಕಳ್ಸಿದಾರಾ ನೋಡಮ್ಮ, ಬೇಗ!” ಎಂದರು ಸಹಾಯಕಿ ಬಿಂದುಶ್ರೀಗೆ.

ಒಬ್ಬರು ಕಳುಹಿಸಿದ್ದರು. ಪೀಣ್ಯದ ಲೋಹಲೇಪನ ಘಟಕವೊಂದರ ಮೇಲ್ವಿಚಾರಕ ಮುರಿಗೆಪ್ಪನವರು ಕೆಲಸಗಾರ ಹಣಮಂತನಿಗೆ ಬರೆದದ್ದು: “ಊಟ ಆದ ಮೇಲೆ ಹಿಂದಿನ ತೊಟ್ಟಿಗೆ ಇಳಿದು ಕ್ಲೀನ್ ಮಾಡುವುದು ಬೇಡ, ಒಳಗೆ ಗಾಳಿ ಕೆಟ್ಟಿದೆ.” ಅದೂ ‘ಕ್ಲೀನ್ ಮಾಡು’ ಎಂಬಲ್ಲಿಗೇ ತುಂಡಾಗಿ ತಲುಪಿತ್ತು. ಊಟದ ಹೊತ್ತು ಆಗಲೇ ಮುಗಿದಿತ್ತು. ಯಮುನಾ ಅವರು ಮತ್ತೆ ಮತ್ತೆ ಕರೆ ಮಾಡಿದ ಮೇಲೆ ಮುರಿಗೆಪ್ಪನವರು ಫೋನ್ ಎತ್ತಿದರು.

“ಬೇಡ ಅಂತಲೇ ಕಳ್ಸಿದೀನಲ್ಲ ಮೇಡಂ?”

“ಅವರಿಗೆ ಮಾಡು ಅಂತ ಹೋಗಿದೆ. ಓಡಿ ಸಾರ್, ಫೋನ್ ಇಡ್ಬೇಡಿ!”

ಯಂತ್ರಗಳ ಬಡಿತ, ಓಡುವ ಹೆಜ್ಜೆ, ಆಮೇಲೆ “ಹಣಮಂತಾ! ಲೇ ಹಣಮಂತಾ!” ಎಂಬ ಕೂಗು. “ಬಿದ್ಬಿಟ್ಟವ್ನೆ! ಯಾರೂ ಇಳೀಬೇಡ್ರೋ, ಹಗ್ಗ ಎಳೀರಿ!” ಎಂದು ಯಾರೋ ಅರಚಿದ್ದೇ ಕರೆ ಕಡಿದುಹೋಯಿತು. ಯಮುನಾ ಅವರಿಗೆ ಕೂರಲಾಗಲಿಲ್ಲ. ಯಾರ ಅಪ್ಪಣೆಗೂ ಕಾಯದೆ ಹೊಸ ಆವೃತ್ತಿಯನ್ನು ಹಿಂತೆಗೆದರು. ಮುರಿಗೆಪ್ಪನವರ ಕರೆ ಬಂದಾಗ ಎತ್ತಲು ಹೆದರಿ ಫೋನನ್ನೇ ನೋಡುತ್ತ ನಿಂತರು, ಬಿಂದುಶ್ರೀಯೇ ಎತ್ತಿದಳು.

“ಉಸಿರಿದೆಯಂತೆ ಮೇಡಂ.”

ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದಿದ್ದರಿಂದ ಹಣಮಂತ ಉಳಿದ. ಆಸ್ಪತ್ರೆಯಲ್ಲಿ ನೋಡಲು ಹೋದ ಯಮುನಾ ಅವರಿಗೆ, ಬಾಗಲಕೋಟೆ ಕಡೆಯ ಆತ ಒಡೆದ ದನಿಯಲ್ಲಿ, “ಮಾಡು ಅಂತ ಬಂದಿತ್ರಿ ಅಕ್ಕಾರ, ಅದಕ್ಕ ಇಳದೆ” ಎಂದಷ್ಟೇ ಹೇಳಿದ. ಆ ಮಾತಿನಲ್ಲಿ ದೂರು ಇರಲಿಲ್ಲ. ಅದೇ ಅವರನ್ನು ಹೆಚ್ಚು ಹೆದರಿಸಿತು.

ಮರುದಿನದ ಸಭೆಯಲ್ಲಿ ಹಿರಿಯ ಅಧಿಕಾರಿಯೊಬ್ಬರು, “ಇನ್ಮೇಲೆ ಇಂಗ್ಲಿಷ್ ಒಂದೇ ಇಟ್ಬಿಡೋಣ ಮೇಡಂ, ಸೇಫು” ಎಂದರು. ಎಂದೂ ದನಿ ಏರಿಸದ ಯಮುನಾ ಅವರು ಎದ್ದು ನಿಂತರು.

“ಇಂಗ್ಲಿಷ್‌ನಲ್ಲಿ ಕಳ್ಸಿದ್ರೆ ಅವನಿಗೆ ಏನೂ ತಲುಪಲ್ಲ ಸಾರ್. ನಾನು ಸರಿ ಮಾಡ್ತೀನಿ. ಆಗ್ಲಿಲ್ಲ ಅಂದ್ರೆ ರಾಜೀನಾಮೆ ತಗೊಳ್ಳಿ.”

ಸರಿ ಮಾಡಿದರು. ಯಾವ ಲಿಪಿಯ ಸಂದೇಶವೇ ಆಗಲಿ, ಪೂರ್ತಿ ತಲುಪುವವರೆಗೆ ಒಂದಕ್ಷರವನ್ನೂ ತೋರಿಸದಂತೆ ತಂತ್ರಾಂಶವನ್ನು ಬುಡದಿಂದ ಕಟ್ಟಿದರು. ಹಣಮಂತ ಅದೇ ಘಟಕಕ್ಕೆ ಮರಳಿದ. ಯಮುನಾ ಅವರ ಭಯ ಮಾತ್ರ ಹೋಗಲಿಲ್ಲ. ಪ್ರತಿ ಹೊಸ ಆವೃತ್ತಿಯ ದಿನವೂ ಊಟ ಬಿಟ್ಟು, ಒಂದೊಂದು ಭಾಷೆಯ ವಾಕ್ಯವನ್ನೂ ಅದನ್ನು ಬಲ್ಲವರ ಪಕ್ಕ ಕುಳಿತು ಓದಿಸಿ ಕೇಳುತ್ತಿದ್ದರು.

ನಿವೃತ್ತಿಯ ನಂತರವೂ ಒಡಿಯಾ ಕೆಲಸಗಾರರಿಗಾಗಿ ಕೀಲಿಮಣೆ ರೂಪಿಸುವೆನೆಂದು ಅವರು ಹೇಳಿದ್ದಾರೆ. ಆ ಕೆಲಸ ನೆರವೇರಲಿ; ಆಯುಷ್ಯ, ಆರೋಗ್ಯಗಳು ಅವರಿಗೆ ತುಂಬಿ ಬರಲಿ. ಇಷ್ಟು ಕಾಲ ಒಬ್ಬರೇ ಹೊತ್ತ ಆ ಭಯವನ್ನು ಇನ್ನು ನಮಗೆ ಒಪ್ಪಿಸಿ, ಅವರು ಹೊತ್ತಿಗೆ ಸರಿಯಾಗಿ ಊಟ ಮಾಡಲಿ.